ಇಂದಿನ ಧಮ್ಮ ಚಿಂತನೆ: ಭಾಷೆ ಕಲಿಯುವ ಭಾರ ಯಾರ ಮೇಲೆ?



ಹೊರಗಿನಿಂದ ಬಂದವರು ಇಲ್ಲಿಯ ಭಾಷೆ ಕಲಿಯಲೇಬೇಕು ಎಂಬ ಮಾತು ಮೇಲಿಂದ ಮೇಲೆ ಕೇಳುತ್ತೇವೆ. ಮಾತು ತಪ್ಪಲ್ಲ. ಆದರೆ ಅದು ಎಲ್ಲರಿಗೂ ಸಮನಾಗಿ ನಡೆದಿದೆಯೇ? ನಮ್ಮ ರಾಯಚೂರು ಜಿಲ್ಲೆಯನ್ನೇ ನೋಡೋಣ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯಿತು. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಸಿಂಧನೂರು, ಮಾನ್ವಿ ಕಡೆ ಹೊಲ ಕೊಂಡು ಕ್ಯಾಂಪ್ ಕಟ್ಟಿಕೊಂಡರು. ಅವರ ಗದ್ದೆಗೆ ನಾಟಿ ಹಚ್ಚಲು ಹೋದ ನಮ್ಮ ಹೆಣ್ಣುಮಕ್ಕಳು ತೆಲುಗು ಕಲಿತರು. ಅಲ್ಲಿ ಮೊದಲು ಭಾಷೆ ಕಲಿತವರು ಊರವರೇ.

1970ರ ದಶಕದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸಿಂಧನೂರು ತಾಲೂಕಿನ ಆರ್‌ಎಚ್ ಕ್ಯಾಂಪ್‌ಗಳಲ್ಲಿ ನೆಲೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ನಾಮಶೂದ್ರರು. 1946ರಲ್ಲಿ ಬಾಬಾಸಾಹೇಬರು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಬರಲು ದುಡಿದ ಜೋಗೇಂದ್ರನಾಥ ಮಂಡಲ್ ಅವರ ಸಮುದಾಯ ಅದು. ಸಂತೆಯಲ್ಲಿ, ಕಚೇರಿಯಲ್ಲಿ ಅವರಿಗೆ ಕನ್ನಡ ಕಲಿಯದೆ ಬೇರೆ ದಾರಿ ಇರಲಿಲ್ಲ.

ನಮ್ಮ ಗಬ್ಬೂರು ಕಡೆಯಿಂದ ಗುಳೆ ಹೋದವರೂ ಹೈದರಾಬಾದಿನಲ್ಲಿ ತೆಲುಗು, ಪುಣೆಯಲ್ಲಿ ಮರಾಠಿ ಕಲಿಯುತ್ತಾರೆ. ದುಡಿದು ದಣಿದ ಮೇಲೆ, ಬೈಸಿಕೊಳ್ಳುತ್ತ ಕಲಿಯುತ್ತಾರೆ.

ಇದರಲ್ಲಿ ನನಗೆ ಕಾಣುವುದು ಇಷ್ಟು: ಬಂದವರು ಯಾರು, ಇದ್ದವರು ಯಾರು ಎಂದು ನೋಡಿ ಈ ಭಾರ ಬೀಳುವುದಿಲ್ಲ. ಹೊಲ ಯಾರದು, ಕೂಲಿ ಯಾರು ಎಂದು ನೋಡಿ ಬೀಳುತ್ತದೆ. ಅನ್ಯಾಯ ಇರುವುದು ಅಲ್ಲಿ.

ಅರಣವಿಭಂಗ ಸುತ್ತದಲ್ಲಿ ಬುದ್ಧರು ಪಾತ್ರೆಯ ಉದಾಹರಣೆ ಕೊಡುತ್ತಾರೆ. ಒಂದೇ ಪಾತ್ರೆಗೆ ನಾಡಿಗೊಂದು ಹೆಸರು. ನಮ್ಮ ಹೆಸರೇ ಸರಿ ಎಂದು ಹಟ ಹಿಡಿಯಬಾರದು, ಜನರ ರೂಢಿಯ ಮಾತನ್ನು ಮೀರಲೂ ಬಾರದು ಎನ್ನುವುದು ಅದರ ತಿರುಳು. ಇಲ್ಲಿ ಎರಡೂ ಕಡೆಗೆ ಕರ್ತವ್ಯವಿದೆ. ಬಂದವರು ಸಾಹುಕಾರರಾದರೂ ಊರ ಮಾತು ಕಲಿಯಬೇಕು. ಊರವರು ಕಲಿಯಲು ಕಾಲ ಕೊಡಬೇಕು, ತಪ್ಪಿ ಆಡಿದರೆ ನಗದೆ ತಿದ್ದಬೇಕು.

ಹಾಗಾದರೆ ಕನ್ನಡ ಉಳಿಯುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಕಲಿಸುವವರು ಹೆಚ್ಚಿದರೆ ಆಡುವವರೂ ಹೆಚ್ಚುತ್ತಾರೆ. ಆದರೆ ಭಾಷೆ ಬರಲಿಲ್ಲವೆಂದು ಯಾರಿಗೂ ರೇಷನ್, ದವಾಖಾನೆ, ದುಡಿದ ಕೂಲಿ ತಪ್ಪಬಾರದು. ಹುಟ್ಟು ನೋಡಿ ಕೆರೆಯ ನೀರು ಮುಟ್ಟಗೊಡದ ಕಾಲ ಕಂಡವರು ನಾವು. ನಾಲಿಗೆ ನೋಡಿ ಬಾಗಿಲು ಹಾಕುವ ಕೆಲಸಕ್ಕೆ ನಾವು ಕೈಹಚ್ಚಬಾರದು.

ಇಂದಿನ ಅಭ್ಯಾಸ: ಹೋಟೆಲಿನಲ್ಲೋ ಇಟ್ಟಂಗಿ ಭಟ್ಟಿಯಲ್ಲೋ ಬೇರೆ ಮಾತಿನ ಕೂಲಿಕಾರರು ಸಿಕ್ಕರೆ ಒಂದು ಕನ್ನಡ ಮಾತು ಕಲಿಸೋಣ. ಅವರದೊಂದು ಮಾತು ಕೇಳಿ ಕಲಿಯೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏