ಹೆಸರಿಲ್ಲದವರ ನೆಲ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಗೂಳೂರಿನ ಬಳಿ ಕೈದಾಳ. ಅಲ್ಲಿನ ಚೆನ್ನಕೇಶವನ ಗುಡಿಗೆ ಬಂದವರು ಜಕಣಾಚಾರಿಯ ಕಥೆ ಕೇಳದೆ ಹೋಗುವುದಿಲ್ಲ. ಕಳೆದುಕೊಂಡ ಕೈ ಅವನಿಗೆ ಇಲ್ಲಿ ಮರಳಿ ಬಂತಂತೆ. 12ನೇ ಶತಮಾನದ ಆ ಗುಡಿಯನ್ನು ಜನ ತಮ್ಮದೆಂದುಕೊಳ್ಳುವಲ್ಲಿ ಈ ಕಥೆಯ ಪಾಲು ದೊಡ್ಡದು. ಹೆಸರಿದ್ದವನ ಕೆಲಸಕ್ಕೆ ವಾರಸುದಾರರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಅದೇ ತುಮಕೂರಿನಿಂದ ಗುಬ್ಬಿ, ನಿಟ್ಟೂರು ದಾಟಿ ತಿಪಟೂರಿನತ್ತ ಹೋದರೆ ಕಿಬ್ಬನಹಳ್ಳಿ. ಕೆ.ಬಿ. ಕ್ರಾಸ್‌ನಲ್ಲಿ ಬಸ್ಸು ಬದಲಿಸುವವರ ಕಣ್ಣಿಗೆ ಬೀಳುವುದು ತೆಂಗಿನ ತೋಟಗಳು. ಆದರೆ ಇದು ಹಳೆ ಶಿಲಾಯುಗದ ಜನ ಬಾಳಿದ ಸೀಮೆ. ಇಲ್ಲಿ ಸಿಕ್ಕ ಕಲ್ಲಿನ ಉಪಕರಣಗಳ ಬಗ್ಗೆ ಪುರಾತತ್ವಜ್ಞ ಎಂ. ಶೇಷಾದ್ರಿ 1955ರಲ್ಲೇ ಬರೆದಿದ್ದಾರೆ.

ಓದುವ ದಿನಗಳಲ್ಲಿ ನಮ್ಮ ಮೇಷ್ಟ್ರು ಅಂಥದೇ ಕಲ್ಲಿನ ಕೈಗೊಡಲಿಯೊಂದನ್ನು ನನ್ನ ಅಂಗೈಯಲ್ಲಿಟ್ಟಿದ್ದರು. ಅದರ ಎರಡೂ ಮೈಯಿಂದ ಚಕ್ಕೆ ಎಬ್ಬಿಸಿ ಒಂದು ತುದಿಯನ್ನು ಚೂಪು ಮಾಡಲಾಗಿತ್ತು. ಇನ್ನೊಂದು ತುದಿ ದುಂಡಗೆ, ಅಂಗೈಗೆ ಕೂರುವಂತಿತ್ತು. ಮೊದಲ ಏಟು ಹಾಕುವಾಗಲೇ ಕೊನೆಯ ಆಕಾರ ಮನಸ್ಸಿನಲ್ಲಿರದೆ ಇದು ಸಾಧ್ಯವೇ ಇಲ್ಲ. ಎಷ್ಟು ಹಳೆಯದು ಸಾರ್ ಎಂದೆ. ‘ಎಲ್ಲಿ ಸಿಕ್ಕಿತು ಅಂತ ಮೊದಲು ಕೇಳಪ್ಪ’ ಎಂದರು.

ಆ ಮಾತಿನ ಆಳ ತಿಳಿದದ್ದು ಹುಣಸಗಿ ಸೀಮೆಯ ಇಸಾಂಪುರದ ಬಗ್ಗೆ ಓದಿದಾಗ. ಪುರಾತತ್ವಜ್ಞ ಕೆ. ಪದ್ದಯ್ಯ ಅಲ್ಲಿ ಅಗೆದಾಗ ಸುಣ್ಣಕಲ್ಲಿನ ಹಾಸು, ಬಡಿಯುವ ಗುಂಡು, ಸಿಡಿದ ಚಕ್ಕೆ, ಅರ್ಧಕ್ಕೆ ಬಿಟ್ಟ ಉಪಕರಣ ಎಲ್ಲವೂ ಒಟ್ಟಿಗೇ ಸಿಕ್ಕವು. ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಂದಾಜಿಸಿರುವ ಆ ಕಾರ್ಯಾಗಾರದಲ್ಲಿ ಕಲ್ಲನ್ನು ಹೇಗೆ ಆರಿಸಿದರು, ಹೇಗೆ ಒಡೆದರು ಎಂಬುದನ್ನು ಹೇಳಿದ್ದು ಅಂದದ ಕೈಗೊಡಲಿಯೊಂದೇ ಅಲ್ಲ, ಅದರ ಸುತ್ತ ಬಿದ್ದಿದ್ದ ಕಸವೂ ಹೌದು. ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಕಲ್ಮನೆಗಳಾದರೂ ದೂರಕ್ಕೇ ಕಾಣುತ್ತವೆ, ಬೇಲಿ ಹಾಕಬಹುದು. ಚಕ್ಕೆಗಳು ಹರಡಿದ ಬಯಲು ಯಾರ ಕಣ್ಣಿಗೆ ಸ್ಮಾರಕ?

ಪ್ರಾಚೀನ ಸ್ಮಾರಕಗಳನ್ನು ಕಾಯುವ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಘೋಷಿತ ಗಡಿಯಿಂದ. ಗಡಿಯನ್ನೇ ಗುರುತಿಸದ ನೆಲಕ್ಕೆ ಈ ಮೀಟರುಗಳಿಂದ ಏನೂ ಸಿಗುವುದಿಲ್ಲ.

ತುಮಕೂರಿನ ಸೀಮೆಗೆ ಹೇಮಾವತಿ ನಾಲೆ ಬಂತು, ಹೆದ್ದಾರಿ ಬಂತು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೂ ಶುರುವಾಯಿತು. ಇವೆಲ್ಲ ಬೇಕು; ನೀರಿಗಾಗಿ ಕಾದ ರೈತನಿಗೆ ಶಿಲಾಯುಗದ ಪಾಠ ಹೇಳುವುದು ನ್ಯಾಯವಲ್ಲ. ನಾನು ಕೇಳುವುದು ಇಷ್ಟೇ: ಜೆಸಿಬಿ ಇಳಿಯುವ ಮೊದಲು ತಿಳಿದವರೊಬ್ಬರು ಆ ನೆಲದ ಮೇಲೆ ನಡೆದು ನೋಡಲಿ, ಕಂಡದ್ದನ್ನು ಸರ್ವೆ ನಂಬರಿನ ಸಮೇತ ಬರೆದಿಡಲಿ. ಹೊಲದಲ್ಲಿ ವಿಚಿತ್ರ ಕಲ್ಲು ಕಂಡ ಹುಡುಗ ಅದನ್ನು ಜೇಬಿಗೆ ಹಾಕದೆ, ಇದ್ದಲ್ಲೇ ಫೋಟೊ ತೆಗೆದು ಶಾಲೆಗೆ ತಿಳಿಸಲಿ.

ಜಕಣಾಚಾರಿಯ ಕಥೆಯನ್ನು ಊರೇ ಹೇಳುತ್ತದೆ. ಕಿಬ್ಬನಹಳ್ಳಿಯ ಕಲ್ಲುಕುಟಿಗನಿಗೆ ಶಾಸನವಿಲ್ಲ, ವಂಶವಿಲ್ಲ, ಜಾತಿಯಿಲ್ಲ. ಅವನ ಪರವಾಗಿ ಸಾಕ್ಷಿ ಹೇಳಲು ಉಳಿದಿರುವುದು ಅವನು ಕೂತ ಜಾಗ ಮಾತ್ರ. ಯಾರಿಗೂ ಸೇರದ ಆ ಹಿರಿಯನನ್ನು ನಮ್ಮೆಲ್ಲರವನೆಂದು ಒಪ್ಪಿಕೊಂಡ ದಿನ ಕಾಯ್ದೆಗೂ ಬಲ ಬರುತ್ತದೆ.