ಹೊಸ್ತಿಲಲ್ಲಿ ಮಲಗಿದ ನಾಯಿ

ಹೋಟೆಲಿನೊಳಗೆ ನಾಯಿಯನ್ನು ಬಿಡಬಹುದೇ, ಬಿಡಬಾರದೇ? ಇಂದು ನಿಮ್ಮ ಮುಂದೆ ಇಡುತ್ತಿರುವ ಪ್ರಶ್ನೆ ಇದು. ಧರ್ಮ ಮತ್ತು ನಡತೆಯ ಮಾತುಗಳಿಗೆ ಮೀಸಲಾದ ಪುಟದಲ್ಲಿ ಇದೆಂತಹ ಪ್ರಶ್ನೆ ಎಂದು ನೀವು ನಗಬಹುದು. ನಾನೂ ಒಂದು ಕಾಲದಲ್ಲಿ ನಗುತ್ತಿದ್ದೆ. ಆದರೆ ಒಬ್ಬ ಹುಡುಗನ ಮಾತು ನನ್ನ ನಗುವನ್ನು ನಿಲ್ಲಿಸಿತು. ಅದನ್ನೇ ಮೊದಲು ಹೇಳುತ್ತೇನೆ.

ಒಂದು ಮುಂಜಾನೆ ನಮ್ಮ ಮದ್ರಸಾದ ಹನ್ನೊಂದು ವರ್ಷದ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಲಕ್ಷ್ಮೇಶ್ವರದಿಂದ ಗದಗಿಗೆ ಹೊರಟಿದ್ದೆ. ದಾರಿಯಲ್ಲಿ ಚಹಾ ಕುಡಿಯಲು ಒಂದು ಹೋಟೆಲಿನಲ್ಲಿ ಕುಳಿತೆವು. ಅದರ ಮಾಲಕರು ನಮ್ಮ ಸಮುದಾಯದವರೇ, ಐದು ಹೊತ್ತಿನ ನಮಾಝಿನವರು. ಬಾಗಿಲಲ್ಲಿ ಒಂದು ಬಡಕಲು ಹೆಣ್ಣುನಾಯಿ ನಿಂತಿತ್ತು. ಯಾರೋ ಎಸೆದ ಭಜಿಯ ಚೂರಿಗಾಗಿ ಅದು ಎರಡು ಹೆಜ್ಜೆ ಒಳಗೆ ಬಂತು. ಒಲೆಯ ಬಳಿಯಿದ್ದವರು ಕುದಿಯುವ ನೀರನ್ನು ಮಗ್ಗಿನಲ್ಲಿ ತೆಗೆದು ಅದರ ಬೆನ್ನಿನ ಮೇಲೆ ಎರಚಿದರು. ಅದು ಕಿರುಚಿಕೊಂಡು ರಸ್ತೆ ದಾಟಿ ಓಡಿತು. ಓಡುವಾಗ ಮೈ ಒದರಿದ್ದರಿಂದ ನಾಲ್ಕು ಹನಿಗಳು ನನ್ನ ಪೈಜಾಮದ ಮೇಲೆ ಬಿದ್ದವು.

ಮಾಲಕರು ಓಡಿ ಬಂದು, "ಮಾಫ್ ಮಾಡ್ರಿ ಹಜರತ್, ನಿಮ್ಮ ಬಟ್ಟಿ ನಾಪಾಕ್ ಆತೇನೋ" ಎಂದರು. ನಾನು ಬಟ್ಟೆ ತೊಳೆಯುವ ವಿಧಾನವನ್ನು, ಹನಫಿ ಮತ್ತು ಶಾಫಿಈ ಮದ್‌ಹಬ್‌ಗಳ ಭಿನ್ನಾಭಿಪ್ರಾಯವನ್ನು ಸವಿಸ್ತಾರವಾಗಿ ವಿವರಿಸಿದೆ. ಎಲ್ಲರೂ ತಲೆದೂಗಿದರು. ಬಸ್ಸು ಹತ್ತಿದ ಮೇಲೆ ಆ ಹುಡುಗ ಮೆಲ್ಲನೆ ಕೇಳಿದ: "ಹಜರತ್, ಆ ನಾಯಿಗೆ ಸುಡಲಿಲ್ಲೇನ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ನಾಲ್ಕು ಹನಿಗಳ ಬಗ್ಗೆ ನಾನು ಹತ್ತು ನಿಮಿಷ ಮಾತಾಡಿದ್ದೆ. ಸುಟ್ಟುಹೋದ ಒಂದು ಬೆನ್ನಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆ ಹುಡುಗ ನನ್ನಿಂದ ಅಂದು ಯಾವ ದೀನನ್ನು ಕಲಿತನು ಎಂದು ಯೋಚಿಸಿದರೆ ಇಂದಿಗೂ ಎದೆ ನಡುಗುತ್ತದೆ. ಅಂದು ಹೇಳಬೇಕಾಗಿದ್ದನ್ನು ಇಂದು ಬರೆಯುತ್ತಿದ್ದೇನೆ.

ಸಹೋದರ ಸಹೋದರಿಯರೇ, ಮೊದಲು ಶುದ್ಧಿಯ ವಿಷಯ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಮ್ಮೆ ಮಣ್ಣು ಹಚ್ಚಿ ತೊಳೆಯಬೇಕು ಎಂದು ಪ್ರವಾದಿಯವರು(ಸ) ಕಲಿಸಿದ್ದನ್ನು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಇದರ ಆಧಾರದಲ್ಲಿ ಇಮಾಮ್ ಶಾಫಿಈಯವರು ನಾಯಿಯ ಇಡೀ ಶರೀರವನ್ನೇ ಅಶುದ್ಧವೆಂದು ಪರಿಗಣಿಸಿದರು. ಕರಾವಳಿಯ ನಮ್ಮ ಸಹೋದರರಲ್ಲಿ ಹೆಚ್ಚಿನವರು ಈ ಮದ್‌ಹಬ್‌ನವರು. ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ನಾವು ಹೆಚ್ಚಾಗಿ ಹನಫಿಗಳು. ನಮ್ಮಲ್ಲಿ ನಾಯಿಯ ಜೊಲ್ಲು ಅಶುದ್ಧ, ಅದರ ಮೈ ಅಲ್ಲ. ಇಮಾಮ್ ಮಾಲಿಕರಂತೂ ನಾಯಿಯನ್ನು ಶುದ್ಧವೆಂದೇ ಎಣಿಸಿ, ಪಾತ್ರೆ ತೊಳೆಯುವುದನ್ನು ಆಜ್ಞಾಪಾಲನೆಯೆಂದು ಕಂಡರು. ಮೂವರೂ ಮಹಾನ್ ಇಮಾಮರು. ತನ್ನ ಮದ್‌ಹಬ್ ಹೇಳಿದಂತೆ ನಡೆಯುವವನು ಇನ್ನೊಬ್ಬನನ್ನು ಹೀಗಳೆಯಬೇಕಾಗಿಲ್ಲ.

ಆದರೆ ಒಂದು ಅಂಶವನ್ನು ಗಮನಿಸಿರಿ. ಈ ನಿಯಮಗಳೆಲ್ಲ ಯಾರಿಗೆ ಹೇಳಿದ್ದು? ನಮಗೆ. ನಮ್ಮ ಪಾತ್ರೆ, ನಮ್ಮ ಬಟ್ಟೆ, ನಮ್ಮ ಕೈಗಳ ಬಗ್ಗೆ ಹೇಳಿದ್ದು. ನಾಯಿ ಬಾಯಿ ಹಾಕಿದರೆ ಪಾತ್ರೆಯನ್ನು ತೊಳೆಯಿರಿ ಎಂದು ಆಜ್ಞೆ ಬಂತು. ನಾಯಿಯನ್ನು ಸುಡಿರಿ ಎಂದು ಬರಲಿಲ್ಲ. ನೀರು ಪಾತ್ರೆಯ ಮೇಲೆ ಬೀಳಬೇಕಾಗಿತ್ತು. ನಾವು ಅದನ್ನು ಕುದಿಸಿ ನಾಯಿಯ ಬೆನ್ನಿನ ಮೇಲೆ ಹಾಕಿದೆವು!

ಇನ್ನು ಕರುಣೆಯ ವಿಷಯಕ್ಕೆ ಬರೋಣ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲೆ ಬಂದವನ ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅಲ್ಲಾಹನು ಅವನನ್ನು ಕ್ಷಮಿಸಿದನು. ಬನೀ ಇಸ್ರಾಈಲರ ಒಬ್ಬ ವೇಶ್ಯೆಯೂ ನಾಯಿಗೆ ನೀರು ಕೊಟ್ಟು ಕ್ಷಮೆ ಪಡೆದಳು. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಇದೆ ಎಂದು ಪ್ರವಾದಿಯವರು(ಸ) ಉತ್ತರಿಸಿದರು. ಇರುವೆಗೂಡನ್ನು ಸುಟ್ಟವರನ್ನು ಕಂಡಾಗ, ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನಿಗೆ ಮಾತ್ರ ಇದೆ ಎಂದು ತಡೆದ ಘಟನೆ ಅಬೂದಾವೂದ್‌ನಲ್ಲಿದೆ. ಇರುವೆಯನ್ನೇ ಸುಡಬಾರದೆಂದ ಮೇಲೆ ಕುದಿಯುವ ನೀರಿಗೆ, ಕಾದ ಎಣ್ಣೆಗೆ ಎಲ್ಲಿಂದ ಅನುಮತಿ ಸಿಕ್ಕೀತು?

ಹಾಗಾದರೆ ನಾಯಿಯನ್ನು ಹೋಟೆಲಿನೊಳಗೆ ಕೂರಿಸಬೇಕೇ? ಹಾಗೆಂದು ನಾನು ಹೇಳುತ್ತಿಲ್ಲ. ಕುರ್‌ಆನ್‌ನ ಹದಿನೆಂಟನೆಯ ಅಧ್ಯಾಯವಾದ ಅಲ್ ಕಹ್ಫ್‌ಅನ್ನು ನಮ್ಮಲ್ಲಿ ಹಲವರು ಪ್ರತಿ ಶುಕ್ರವಾರ ಓದುತ್ತಾರೆ. ಸತ್ಯಧರ್ಮವನ್ನು ಉಳಿಸಿಕೊಳ್ಳಲು ಗುಹೆ ಸೇರಿದ ಯುವಕರ ಕಥೆ ಅಲ್ಲಿದೆ. ಅವರ ಜೊತೆ ಒಂದು ನಾಯಿಯೂ ಇತ್ತು. ಅದು ಎಲ್ಲಿತ್ತು? ಮುಂಗಾಲು ಚಾಚಿ ಗುಹೆಯ ಹೊಸ್ತಿಲಲ್ಲಿ ಮಲಗಿತ್ತು. ಆ ಯುವಕರು ಎಷ್ಟು ಮಂದಿ ಎಂದು ಜನರು ಲೆಕ್ಕ ಹಾಕುವಾಗ ಮೂವರು ಎಂದವರೂ, ಐವರು ಎಂದವರೂ, ಏಳು ಮಂದಿ ಎಂದವರೂ ಆ ನಾಯಿಯನ್ನು ಸೇರಿಸಿಯೇ ಎಣಿಸಿದರು ಎಂದು ಅಲ್ಲಾಹನು ತಿಳಿಸುತ್ತಾನೆ.

ನೋಡಿರಿ, ಅದು ಹೊಸ್ತಿಲಲ್ಲೇ ಇತ್ತು. ಆದರೆ ಲೆಕ್ಕದಿಂದ ಹೊರಗೆ ಉಳಿಯಲಿಲ್ಲ. ನಮ್ಮ ಪ್ರಶ್ನೆಗೆ ನನಗೆ ಕಂಡ ಉತ್ತರ ಇದೇ. ಊಟದ ಜಾಗದೊಳಗೆ ನಾಯಿ ಬೇಡ. ಆದರೆ ನಮ್ಮ ಕರುಣೆಯ ಲೆಕ್ಕದಿಂದ ಅದನ್ನು ಹೊರಗೆ ಹಾಕುವುದೂ ಬೇಡ.

ಒಳಗೆ ಬೇಡ ಎನ್ನುವುದಕ್ಕೆ ನಮ್ಮ ಶುದ್ಧಿಯ ನಿಯಮವೊಂದೇ ಕಾರಣವಲ್ಲ. ದೇಶದ ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಗಳು ಕೂಡ ಆಹಾರ ತಯಾರಿಸುವ ಜಾಗಕ್ಕೆ ಪ್ರಾಣಿ ಪಕ್ಷಿಗಳನ್ನು ಬಿಡಬಾರದೆಂದು ಹೇಳುತ್ತವೆ. ಇನ್ನು ಖಾನಾವಳಿ ಎಂಬುದು ಒಬ್ಬರ ಮನೆಯಲ್ಲ. ಬೆಟಗೇರಿಯ ನೇಕಾರ, ಮುಂಡರಗಿಯ ರೈತ, ಶಿರಹಟ್ಟಿಯ ಸಂತೆಗೆ ಬಂದ ತಾಯಿ ಮಕ್ಕಳು, ಎಲ್ಲರೂ ಅಲ್ಲಿ ಕೂರುತ್ತಾರೆ. ನಾಯಿಯನ್ನು ಕಂಡರೆ ಹೆದರುವ ಮಗು ಇರಬಹುದು. ಉಂಡು ನೇರವಾಗಿ ಮಸೀದಿಗೆ ಹೋಗುವವನು ಇರಬಹುದು. ಎಲ್ಲರಿಗೂ ಸೇರಿದ ಜಾಗದಲ್ಲಿ ಎಲ್ಲರ ನೆಮ್ಮದಿಯನ್ನು ನೋಡಬೇಕಾಗುತ್ತದೆ.

ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮೂರಿನ ತರುಣನೊಬ್ಬ ಕೇಳಿದ: "ಅಲ್ಲಿ ಕೆಲವು ಕೆಫೆಗಳಲ್ಲಿ ಸಾಕುನಾಯಿಗಳನ್ನೂ ಒಳಗೆ ಬಿಡುತ್ತಾರೆ. ಗೆಳೆಯರು ಕರೆದರೆ ಹೋಗಬಹುದೇ?" ಪಕ್ಕದಲ್ಲಿ ನಾಯಿ ಕುಳಿತ ಮಾತ್ರಕ್ಕೆ ನಿನ್ನ ತಟ್ಟೆಯ ಹಲಾಲ್ ಆಹಾರ ಹರಾಮ್ ಆಗುವುದಿಲ್ಲ. ಪ್ರವಾದಿಯವರ(ಸ) ಕಾಲದಲ್ಲಿ ನಾಯಿಗಳು ಮಸೀದಿಯಲ್ಲೇ ಹಾದು ಹೋಗುತ್ತಿದ್ದವು, ಅದಕ್ಕಾಗಿ ಅಲ್ಲಿ ನೀರನ್ನೂ ಚಿಮುಕಿಸುತ್ತಿರಲಿಲ್ಲ ಎಂದು ಇಬ್ನು ಉಮರ್(ರ) ಹೇಳಿದ್ದು ಬುಖಾರಿಯಲ್ಲಿದೆ. ಆಗ ಮಸೀದಿಗೆ ಬಾಗಿಲುಗಳಿರಲಿಲ್ಲ ಎಂದು ವಿದ್ವಾಂಸರು ವಿವರಿಸಿದ್ದಾರೆ. ಆದ್ದರಿಂದ ಗಾಬರಿ ಬೇಡ. ಆದರೆ ಅಲ್ಲಿನ ನಾಯಿ ಮತ್ತು ಮನುಷ್ಯರು ಒಂದೇ ತಟ್ಟೆಯಲ್ಲಿ ತಿನ್ನುತ್ತಾರೇನು, ಪಾತ್ರೆಗಳನ್ನು ಹೇಗೆ ತೊಳೆಯುತ್ತಾರೆ ಎಂದು ಸೌಮ್ಯವಾಗಿ ವಿಚಾರಿಸು. ಮನಸ್ಸಿಗೆ ಸಮಾಧಾನವಾಗದಿದ್ದರೆ ಗೆಳೆಯರನ್ನು ಬೇರೆ ಕಡೆ ಕರೆ. ನಾಯಿಯನ್ನು ಪ್ರೀತಿಸುವ ಗೆಳೆಯನನ್ನು ಹಂಗಿಸಬೇಡ.

ಅಗತ್ಯ ಬಂದಾಗ ಹೊಸ್ತಿಲನ್ನು ದಾಟಲು ದಾರಿಯೂ ಇದೆ. 2008ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕಣ್ಣು ಕಾಣದ ಮುಸ್ಲಿಮ್ ತರುಣನೊಬ್ಬನಿಗೆ ದಾರಿ ತೋರುವ ನಾಯಿ ಇತ್ತು. ಅದನ್ನು ಹೊರಗೆ ಬಿಟ್ಟರೆ ಅವನು ಮಸೀದಿಗೆ ಬರುವಂತಿರಲಿಲ್ಲ. ಅಲ್ಲಿನ ಉಲಮಾಗಳು ವಿಚಾರ ಮಾಡಿ, ನಮಾಝಿನ ಸ್ಥಳದಿಂದ ಬೇರೆಯಾಗಿ ಮಸೀದಿಯ ಆವರಣದಲ್ಲೇ ಆ ನಾಯಿಗೆ ಜಾಗ ಒದಗಿಸಲು ಒಪ್ಪಿದರು. ನಮ್ಮೂರಿನ ಹೋಟೆಲಿಗೆ ನಾಳೆ ಅಂತಹ ಒಬ್ಬ ಅಂಧ ಸಹೋದರ ಬಂದರೆ ಮೂಲೆಯ ಒಂದು ಮೇಜನ್ನು ಅವನಿಗೆ ಬಿಟ್ಟುಕೊಡುವುದು ನಮ್ಮ ಕರ್ತವ್ಯ.

ಕಾವಲಿಗೆ, ಕುರಿ ದನಗಳಿಗೆ, ಹೊಲಕ್ಕೆ ಮತ್ತು ಬೇಟೆಗೆ ನಾಯಿ ಸಾಕಲು ಪ್ರವಾದಿಯವರೇ(ಸ) ಅನುಮತಿ ಕೊಟ್ಟಿದ್ದಾರೆ. ತರಬೇತಿ ಪಡೆದ ನಾಯಿ ಹಿಡಿದು ತಂದ ಬೇಟೆ ಧರ್ಮಸಮ್ಮತವೆಂದು ಅಲ್ ಮಾಇದಃ ಅಧ್ಯಾಯದ ನಾಲ್ಕನೆಯ ಸೂಕ್ತದಲ್ಲಿದೆ. ಕಪ್ಪತಗುಡ್ಡದ ಅಂಚಿನಲ್ಲಿ ಕುರಿ ಮೇಯಿಸುವವರನ್ನು ನೀವು ಕಂಡಿರಬಹುದು. ಗುಡ್ಡದಲ್ಲಿ ತೋಳವಿದೆ, ಚಿರತೆಯಿದೆ. ರಾತ್ರಿಯ ಹಟ್ಟಿಯನ್ನು ಕಾಯುವುದು ನಾಯಿ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರ 2005ರಲ್ಲಿ ನಮ್ಮ ದೇಶದ ಅಂಚೆ ಚೀಟಿಯ ಮೇಲೆ ಬಂತು. ಈ ಪ್ರಾಣಿ ನಮ್ಮ ನಾಡಿಗೆ ಮಾಡಿರುವ ಸೇವೆಯನ್ನು ಅಲ್ಲಗಳೆಯುವಂತಿಲ್ಲ.

ಈಗ ನಾವೆಲ್ಲರೂ ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಬೀದಿನಾಯಿ ಹೋಟೆಲಿನ ಬಾಗಿಲಿಗೆ ಏಕೆ ಬರುತ್ತದೆ? ನಾವು ಕರೆದಿದ್ದರಿಂದ. ಎಂಜಲು ತಟ್ಟೆಯನ್ನು ಚರಂಡಿಗೆ ಸುರಿಯುತ್ತೇವೆ. ಮಾಂಸದಂಗಡಿಯ ಚೂರುಗಳನ್ನು ಹಿತ್ತಿಲಿಗೆ ಎಸೆಯುತ್ತೇವೆ. ಮದುವೆ ಮಂಟಪದ ಹಿಂದೆ ಅರ್ಧ ಬಿರಿಯಾನಿ ರಾಶಿ ಬೀಳುತ್ತದೆ. ಬಕ್ರೀದಿನ ದಿನ ಕರುಳು, ರಕ್ತ, ಚರ್ಮದ ತುಂಡುಗಳನ್ನು ಊರ ಹೊರಗಿನ ಬಯಲಿನಲ್ಲಿ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಎಲ್ಲಿ ಎಂಜಲಿನ ರಾಶಿ ಇದೆಯೋ ಅಲ್ಲಿ ನಾಯಿಗಳ ಗುಂಪು ಬೆಳೆಯುತ್ತದೆ. ಗುಂಪು ಬೆಳೆದಲ್ಲಿ ಮಕ್ಕಳಿಗೆ ಕಚ್ಚುವ ಭಯ ಹೆಚ್ಚುತ್ತದೆ. ಎಂಜಲು ಹಾಕಿ ಕರೆದವರೂ ನಾವೇ, ಬಿಸಿನೀರು ಹಾಕಿ ಓಡಿಸುವವರೂ ನಾವೇ. ಇದೆಂತಹ ನ್ಯಾಯ? ತಿನ್ನಿರಿ, ಕುಡಿಯಿರಿ, ಆದರೆ ಮಿತಿಮೀರಬೇಡಿರಿ ಎಂಬ ಅರ್ಥದ ಕುರ್‌ಆನಿನ ಆಜ್ಞೆಯನ್ನು ಮುರಿಯುವುದು ನಾವು. ಅದರ ಶಿಕ್ಷೆ ಮಾತ್ರ ಮಾತು ಬಾರದ ಪ್ರಾಣಿಗೆ!

ಸುಪ್ರೀಮ್ ಕೋರ್ಟ್ 2025ರ ಆಗಸ್ಟ್ 22ರಂದು ಬೀದಿನಾಯಿಗಳ ಬಗ್ಗೆ ಒಂದು ಆದೇಶ ನೀಡಿತು. ಸಂತಾನಶಕ್ತಿ ಹರಣದ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಅವುಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಹುಚ್ಚು ಹಿಡಿದ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಹಾಗೆ ಬಿಡಬಾರದು. ಕಂಡ ಕಂಡ ರಸ್ತೆಯಲ್ಲಿ ಆಹಾರ ಹಾಕಬಾರದು, ಪ್ರತಿ ವಾರ್ಡಿನಲ್ಲಿ ಅದಕ್ಕಾಗಿ ಜಾಗ ಗುರುತಿಸಬೇಕು ಎಂದು ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಬೇರೆ ಆಶ್ರಯದಲ್ಲಿ ಇಡಬೇಕೆಂದು ಆದೇಶಿಸಿತು. ಈ ಕೆಲಸವನ್ನು ನಗರಸಭೆ, ಪುರಸಭೆಗಳು ಮಾಡಬೇಕು. ಬಿಸಿನೀರಿನ ಮಗ್ಗು ಹಿಡಿದ ನಾವು ಅಲ್ಲ. ಪ್ರಾಣಿಗಳನ್ನು ಹಿಂಸಿಸುವುದು 1960ರ ಕಾನೂನಿನಂತೆ ಅಪರಾಧವೂ ಹೌದು.

ಹೋಟೆಲು ನಡೆಸುವ ಸಹೋದರರೇ, ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಬಾಗಿಲಿಗೆ ಮೊಣಕಾಲೆತ್ತರದ ಒಂದು ಅಡ್ಡ ಗೇಟು ಹಾಕಿಸಿರಿ. ಎಂಜಲಿನ ಡಬ್ಬಿಗೆ ಮುಚ್ಚಳವಿರಲಿ, ಅದು ನೇರವಾಗಿ ಕಸದ ಗಾಡಿಗೆ ಹೋಗಲಿ. ಉಳಿದ ರೊಟ್ಟಿ, ಅನ್ನವನ್ನು ಮೊದಲು ಹಸಿದ ಮನುಷ್ಯನಿಗೆ ಕೊಡಿರಿ. ಮಿಕ್ಕಿದ್ದನ್ನು ಜನರ ಓಡಾಟವಿಲ್ಲದ ನಿಗದಿತ ಜಾಗದಲ್ಲಿ ಪ್ರಾಣಿಗಳಿಗೆ ಇಡಿರಿ. ಬೇಸಿಗೆಯಲ್ಲಿ ಹೊರಗೆ ಒಂದು ಮಣ್ಣಿನ ಬಾನಿಯಲ್ಲಿ ನೀರಿಡಿರಿ. ನಾಯಿ ಒಳಗೆ ಬಂದರೆ ಗದರಿಸಿ ಕಳಿಸಿರಿ, ಸಾಕು.

ತಾಯಂದಿರೇ, ಕರುಣೆಯ ಹೆಸರಿನಲ್ಲಿ ಅಜಾಗ್ರತೆಯೂ ಬೇಡ. ಉಣ್ಣುತ್ತಿರುವ ನಾಯಿಯನ್ನು, ಮರಿಗಳ ಜೊತೆಗಿರುವ ನಾಯಿಯನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿರಿ. ಕಚ್ಚಿದರೆ ಅಥವಾ ಪರಚಿದರೆ ಸುಣ್ಣ, ಖಾರದಪುಡಿ ಹಚ್ಚಬೇಡಿರಿ. ಹರಿಯುವ ನೀರು ಮತ್ತು ಸಾಬೂನಿನಿಂದ ಗಾಯವನ್ನು ಹದಿನೈದು ನಿಮಿಷ ತೊಳೆಯಿರಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಿರಿ, ವೈದ್ಯರು ಹೇಳಿದ ಅಷ್ಟೂ ಚುಚ್ಚುಮದ್ದುಗಳನ್ನು ಪೂರೈಸಿರಿ. ತಾಯಿತ ಕಟ್ಟಿಸಿ ಕೂರಬೇಡಿರಿ. ರೇಬೀಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ.

ಪ್ರಿಯ ಓದುಗರೇ, ಆ ಹುಡುಗನ ಪ್ರಶ್ನೆಗೆ ನಾನು ಮರುವಾರ ಉತ್ತರ ಕೊಟ್ಟೆ. "ಸುಟ್ಟಿತು ಮಗನೇ, ತುಂಬಾ ಸುಟ್ಟಿತು. ಅದನ್ನು ನಾನು ಅಲ್ಲೇ ಹೇಳಬೇಕಾಗಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು" ಎಂದೆ. ಬಳಿಕ ಆ ಹೋಟೆಲಿಗೆ ಹೋಗಿ ಮಾಲಕರ ಪಕ್ಕ ಕುಳಿತು ಬಾವಿಗಿಳಿದವನ ವೃತ್ತಾಂತ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನನಗ ಇದನ್ನ ಯಾರೂ ಹೇಳಿದ್ದಿಲ್ಲರಿ ಹಜರತ್" ಎಂದರು. ನಾಪಾಕ್ ಎಂದರೇನೆಂದು ನಾವು ಅವರಿಗೆ ನೂರು ಬಾರಿ ಹೇಳಿದ್ದೇವೆ. ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಆ ನಾಯಿಯನ್ನು ನಾನು ಮತ್ತೆ ಕಾಣಲಿಲ್ಲ.

ಬಟ್ಟೆಯ ಮೇಲಿನ ಹನಿಯನ್ನು ನೀರು ತೊಳೆಯುತ್ತದೆ. ಮಾತು ಬಾರದ ಒಂದು ಜೀವಿ ನಾಳೆ ಪರಲೋಕದಲ್ಲಿ ನಮ್ಮ ವಿರುದ್ಧ ನಿಂತರೆ ಆ ಕಲೆಯನ್ನು ಯಾವ ನೀರಿನಿಂದ ತೊಳೆಯೋಣ? ನಮ್ಮ ಪಾತ್ರೆಗಳ ಜೊತೆಗೆ ನಮ್ಮ ಹೃದಯಗಳನ್ನೂ ಶುದ್ಧವಾಗಿಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.