ತಾನೇ ಎರೆದ ಗುಂಡು

ಸೀಸದ ವಿಷಯದಲ್ಲಿ ನಮ್ಮ ಜನಕ್ಕೆ ಒಳ್ಳೆಯ ಅಭಿಪ್ರಾಯವಿಲ್ಲ. ಬೆಳ್ಳಿಗೆ ಬೆರಸಿದರೆ ಮೋಸ, ಹೊಟ್ಟೆಗೆ ಹೋದರೆ ವಿಷ. ಆದರೆ ಮುದ್ರಣಾಲಯದಲ್ಲಿ ಬಹುಕಾಲ ಕರಡು ತಿದ್ದಿದ ನನಗೆ ಅದರ ಮೇಲೆ ಒಂದು ಬಗೆಯ ಮಮತೆ. ಮೊಳೆಗಳೆಲ್ಲ ಸೀಸವೇ, ಗಡಸು ಬರಲೆಂದು ಆಂಟಿಮನಿ, ಅಚ್ಚಿನ ಮೂಲೆಮೂಲೆಗೂ ಹರಿಯಲೆಂದು ತುಸು ತವರ. ಇದೇ ಬಗೆಯ ಲೋಹಕ್ಕೆ ಅಮೆರಿಕದಲ್ಲಿ ಇನ್ನೊಂದು ಗತಿ ಒದಗಿತು. ಅಲ್ಲಿಯ ಪತ್ರಿಕೆಗಳು ೧೯೭೦ರ ದಶಕದಲ್ಲಿ ಲೈನೋಟೈಪ್ ಯಂತ್ರಗಳನ್ನು ಕೈಬಿಟ್ಟಾಗ, ನೂರಕ್ಕೆ ೮೪ ಪಾಲು ಸೀಸ, ೧೨ ಪಾಲು ಆಂಟಿಮನಿ, ೪ ಪಾಲು ತವರವಿದ್ದ ಆ ಲೋಹವನ್ನು ಬೇಟೆಗಾರರು ಕೊಂಡೊಯ್ದು ಬಂದೂಕಿನ ಗುಂಡು ಎರೆದುಕೊಂಡರು. ನಿನ್ನೆ ಯಾರದೋ ಮದುವೆಯ ಸುದ್ದಿಯಾಗಿದ್ದದ್ದು ಮರುದಿನ ಜಿಂಕೆಯ ಎದೆಗೆ.

ಇದನ್ನು ನನಗೆ ತಿಳಿಸಿದವನು ಪೆನ್ಸಿಲ್ವೇನಿಯದಲ್ಲಿರುವ ಅಕ್ಕನ ಮಗ. ನಮ್ಮ ಮನೆತನದಲ್ಲಿ ಬಂದೂಕು ಮುಟ್ಟಿದವರಿಲ್ಲ. ಇವನಿಗೆ ನೆರೆಮನೆಯ ಮುದುಕರೊಬ್ಬರಿಂದ ಗುಂಡು ಎರೆಯುವ ಹುಚ್ಚು ಹತ್ತಿತು. ಈಗ ಅದಕ್ಕೆ ತಕ್ಕ ಲಿವರ್ ರೈಫಲ್ ಬೇಕು, ಯಾವುದೆಂಬ ಚಿಂತೆ. "ಮಾವ, ಅಂಗಡಿಯ ಗುಂಡು ಇಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ನಾನೇ ಎರೆದ ಗುಂಡಿನಿಂದ ಕೊಂದರೆ ಇನ್ಯಾರನ್ನೂ ದೂರುವ ಹಾಗಿಲ್ಲ. ನೀವು ಸೀಸದ ಜೊತೆ ಬಾಳಿದವರು, ಹೇಳಿ" ಎಂದು ಬರೆದ.

ಹಳೆಯ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ಈ ರೈಫಲ್ ಗೊತ್ತು. ಕುದುರೆಯ ಸುತ್ತಲಿನ ಉಕ್ಕಿನ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ, ಹೊಸದು ಒಳಗೆ. ತೋಟಾಗಳು ಸಾಮಾನ್ಯವಾಗಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೆ ಒಂದರ ಮೂತಿ ತಾಗಿಕೊಂಡು ಮಲಗಿರುತ್ತವೆ. ಮೂತಿ ಚೂಪಾಗಿದ್ದರೆ ಮುಂದಿನದರ ಬೆನ್ನಿನ ಮದ್ದನ್ನು ಕುಟ್ಟಿ ಅಲ್ಲೇ ಸಿಡಿಸೀತು. ಆದ್ದರಿಂದ ಚಪ್ಪಟೆ ಮೂತಿಯೇ ಕ್ಷೇಮ. ಎರಕದ ಸೀಸಕ್ಕೆ ಆ ಆಕಾರ ಸಹಜವಾಗಿಯೇ ಒಪ್ಪುತ್ತದೆ.

ಅವನ ಮುಂದಿದ್ದವು ಎರಡು. ಒಂದು ೧೮೯೪ರ ವಿಂಚೆಸ್ಟರ್. ಜಾನ್ ಬ್ರೌನಿಂಗ್ ರೂಪಿಸಿದ್ದು, ಹೊಗೆಯಿಲ್ಲದ ಮದ್ದಿನ ಮೂವತ್ತು-ಮೂವತ್ತು ತೋಟಾದಿಂದ ಮನೆಮಾತಾದದ್ದು. ಗುಂಡು ಒಂದು ತೊಲಕ್ಕೆ ಕೊಂಚ ಕಡಿಮೆ. ತಾಮ್ರ ಹೊದಿಸಿದ್ದಾದರೆ ಸೆಕೆಂಡಿಗೆ ೨೨೦೦ ಅಡಿಯ ಆಸುಪಾಸು ಓಡುತ್ತದೆ. ಬರಿಯ ಸೀಸವನ್ನು ಆ ವೇಗಕ್ಕೆ ಅಟ್ಟಿದರೆ ನಳಿಗೆಯೊಳಗಿನ ಸುರುಳಿಗೆರೆಗಳಿಗೆ ಮೆತ್ತಿಕೊಂಡು ಗುರಿ ಕೆಡುತ್ತದೆ. ಬುಡಕ್ಕೊಂದು ತಾಮ್ರದ ಬಿಲ್ಲೆ ತೊಡಿಸಿ, ವೇಗ ತಗ್ಗಿಸಿ ಬಳಸಬೇಕು. ಇನ್ನೊಂದು ಮಾರ್ಲಿನ್ ಕಂಪನಿಯದು, ನಲವತ್ತೈದು-ಎಪ್ಪತ್ತು ತೋಟಾದ್ದು. ಆ ತೋಟಾವನ್ನು ೧೮೭೩ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಕರಿಮದ್ದು ಮತ್ತು ಬರಿಸೀಸಕ್ಕೆಂದೇ ಮಾಡಿದ್ದು. ಎರಡು ತೊಲ ಮೀರಿದ ಗುಂಡು. ಓಟ ಸುಮಾರು ೧೩೦೦ ಅಡಿ. ನೂರು ಗಜಕ್ಕೆ ಗುರಿ ಕೂಡಿಸಿದ್ದರೆ ಇನ್ನೂರು ಗಜ ಮುಟ್ಟುವಷ್ಟರಲ್ಲಿ ಎರಡು ಅಡಿಯಷ್ಟು ಕೆಳಗಿಳಿದಿರುತ್ತದೆ. ಯಾವುದೇ ಆಗಲಿ, ಸೀಸದ ಗುಂಡು ನಳಿಗೆಯ ಒಳ ಅಳತೆಗಿಂತ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ದಪ್ಪವಿರಬೇಕು, ಇಲ್ಲವಾದರೆ ಮದ್ದಿನ ಉರಿ ಪಕ್ಕದಿಂದ ನುಸುಳಿ ಸೀಸವನ್ನು ಸವರಿಕೊಂಡು ಹೋಗುತ್ತದೆ.

ಅವನ ವಾದ ನನಗೆ ಮೊದಲು ಹಿಡಿಸಿತು. ಲೋಕವೆಲ್ಲ ಇನ್ನೂ ದೂರ, ಇನ್ನೂ ವೇಗ ಎಂದು ಓಡುತ್ತಿರುವಾಗ, ಇವನು ತನ್ನ ಕೈ ಏನನ್ನು ಮಾಡಬಲ್ಲುದೋ ಅದಕ್ಕೆ ತಕ್ಕ ಸಲಕರಣೆ ಆರಿಸುತ್ತಿದ್ದಾನೆ. ನೂರು ಗಜ ಮೀರಿದರೆ ತನ್ನ ಗುಂಡನ್ನು ನಂಬಲಾರ. ಆದ್ದರಿಂದ ಕಾಡಿನಲ್ಲಿ ಹತ್ತಿರ ಹೋಗಬೇಕು, ಕಾಯಬೇಕು, ಅನೇಕ ದಿನ ಬರಿಗೈಯಲ್ಲಿ ಮರಳಬೇಕು. ಕೊಲ್ಲುವವನಿಗೆ ಕೊಲೆ ಸುಲಭವಾಗದಿರುವುದು ಒಳ್ಳೆಯದೇ.

ಆದರೆ ಈ ಸಂಯಮ ಯಾರ ಖರ್ಚಿನಲ್ಲಿ? ಏಕಾದಶಿಯ ಉಪವಾಸ ಮಾಡಿ ಮನೆಮಂದಿಯ ಮೇಲೆಲ್ಲ ರೇಗುವ ಹಿರಿಯರನ್ನು ನಾವು ಕಂಡಿಲ್ಲವೆ? ವ್ರತ ಅವರದು, ಹಸಿವಿನ ಫಲ ಇತರರಿಗೆ. ನೂರೈವತ್ತು ಗಜದಲ್ಲಿ ಕೊಂಬಿನ ಜಿಂಕೆ ನಿಂತಿದೆ, ಋತುವಿನ ಕೊನೆಯ ದಿನ, ಸಂಜೆಯಾಗುತ್ತಿದೆ. ಆಗ ಇವನು ಬಂದೂಕು ಇಳಿಸಿಯಾನೆ? ಇಳಿಸದಿದ್ದರೆ ನಿಧಾನದ ಗುಂಡಿನ ಬೆಲೆಯನ್ನು ಹರಿದ ಹೊಟ್ಟೆ ಹೊತ್ತು ಓಡುವ ಜಿಂಕೆ ತೆರುತ್ತದೆ. ತನ್ನ ಮಿತಿಯನ್ನು ಆರಿಸಿಕೊಂಡವನು ಅದನ್ನು ಕಡೆಯತನಕ ಪಾಲಿಸದಿದ್ದರೆ, ಅಂಗಡಿಯ ಗುಂಡು ಕೊಂಡವನೇ ಅವನಿಗಿಂತ ದಯಾಳು. ಇಷ್ಟನ್ನು ನಾನು ಅವನಿಗೆ ಬರೆದೆ. ಪಾಲಿಸುತ್ತೇನೆ ಎಂದ. ಹುಡುಗ ಮಾತಿಗೆ ತಪ್ಪುವವನಲ್ಲ, ನಂಬಿದ್ದೇನೆ.

ಆಮೇಲೆ ಕಂಡದ್ದು ಹದ್ದಿನ ಪ್ರಶ್ನೆ. ಬೇಟೆಗಾರರು ಬಗೆದು ಕಾಡಿನಲ್ಲೇ ಬಿಟ್ಟ ಕರುಳನ್ನು ಚಳಿಗಾಲದಲ್ಲಿ ಹದ್ದುಗಳು ತಿನ್ನುತ್ತವೆ, ಅದರೊಳಗಿನ ಸೀಸದ ಚೂರುಗಳೊಡನೆ. ೨೦೨೨ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ೩೮ ರಾಜ್ಯಗಳ ಸಾವಿರದ ಇನ್ನೂರಕ್ಕೂ ಹೆಚ್ಚು ಹದ್ದುಗಳನ್ನು ಪರೀಕ್ಷಿಸಿ, ಹೆಚ್ಚುಕಡಿಮೆ ಅರ್ಧಕ್ಕೆ ಬಹುದಿನದ ಸೀಸದ ವಿಷವೇರಿರುವುದನ್ನು ಕಂಡಿತು. ಕ್ಯಾಲಿಫೋರ್ನಿಯದಲ್ಲಿ ಕಾಂಡರ್ ಎಂಬ ಮಹಾಪಕ್ಷಿಗಳು ೧೯೮೨ರಲ್ಲಿ ಇಪ್ಪತ್ತೆರಡಕ್ಕೆ ಇಳಿದಿದ್ದವು. ಅವುಗಳ ಸಾವಿಗೂ ಸೀಸವೇ ದೊಡ್ಡ ಕಾರಣ. ಆ ರಾಜ್ಯ ೨೦೧೯ರ ಜುಲೈ ೧ರಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ನಿಷೇಧಿಸಿದೆ. ಎರಕದ ಗಟ್ಟಿ ಗುಂಡು ನಿಧಾನವಾಗಿ ಹೋಗುವುದರಿಂದ ವೇಗದ ಗುಂಡಿನಷ್ಟು ಚೂರಾಗುವುದಿಲ್ಲ ಎಂದು ಅಕ್ಕನ ಮಗ ವಾದಿಸಿದ. ನಿಜ. ಚೂರಾಗುವುದೇ ಇಲ್ಲ ಎನ್ನಲು ಅವನಿಂದಲೂ ಆಗಲಿಲ್ಲ.

ಇಲ್ಲಿ ನನ್ನ ಮನಸ್ಸು ಇಬ್ಬಗೆಯಾಯಿತು. ಜಿಂಕೆಗೂ ಅವನಿಗೂ ನಡುವೆ ಒಂದು ಲೆಕ್ಕವಿದೆ. ಅದನ್ನು ಅವನು ಎದುರಿಗೆ ನಿಂತು ತೀರಿಸುತ್ತಾನೆ. ಯಾರನ್ನೂ ದೂರುವ ಹಾಗಿಲ್ಲ ಎಂಬ ಅವನ ಹೆಮ್ಮೆಗೆ ಅಷ್ಟರಮಟ್ಟಿಗೆ ಅರ್ಥವಿದೆ. ಹದ್ದು ಬರುವುದು ಅವನು ಮನೆಗೆ ಹೋದ ಮೇಲೆ. ಆ ಸಾಲವನ್ನು ಕೇಳಲು ಅವನ ಬಾಗಿಲಿಗೆ ಯಾರೂ ಬರುವುದಿಲ್ಲ. ಕರುಳನ್ನು ಆಳವಾಗಿ ಹೂತುಬಿಡು, ಇಲ್ಲವೆ ಕಾಡಿಗೆ ಹೋಗುವಾಗ ತಾಮ್ರದ ಗುಂಡು ಹಾಕಿಕೋ, ಆದರೂ ನೂರು ಗಜ ಮೀರಬೇಡ ಎಂದು ಬರೆದೆ. ಹಾಗಾದರೆ ತಾನೇ ಎರೆದದ್ದರ ಸೊಗಸೆಲ್ಲಿ ಎಂದು ಅವನು ಕೇಳಿದ. ಸೊಗಸು ಹೋಗುತ್ತದೆ; ಹೋಗುವುದಿಲ್ಲವೆಂದು ನಾನು ಹೇಳಲಿಲ್ಲ.

ಕೊನೆಗೆ ನಲವತ್ತೈದನ್ನೇ ಕೊಂಡಿದ್ದಾನೆ. ಎರೆದ ಗುಂಡುಗಳು ಈಗ ಮಣ್ಣುದಿಬ್ಬದ ಮುಂದೆ ಕಟ್ಟಿದ ಕಾಗದದ ಗುರಿಗೆ. ಜಿಂಕೆಯ ಋತುವಿಗೆಂದು ತಾಮ್ರದವನ್ನು ಒಂದು ಡಬ್ಬಿ ತರಿಸಿಕೊಂಡಿದ್ದಾನೆ. ಅದರ ಬೆಲೆ ಎಷ್ಟೆಂದು ಅಕ್ಕನಿಗೆ ಇನ್ನೂ ಹೇಳಿಲ್ಲವಂತೆ, ನಾನೂ ಹೇಳುವುದಿಲ್ಲ.